ಸೊಂಟದಲ್ಲಿ ಪಿಸ್ತೂಲು, ಎದುರಿಗೆ ಗ್ಲಾಸು

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ನೆಲೆಸಿರುವ ಕೊಡಗಿನ ಓದುಗರೊಬ್ಬರ ಪತ್ರದಿಂದ: "ಹೋಟೆಲು, ಬಾರುಗಳಿಗೆ ಪಿಸ್ತೂಲು ಒಯ್ಯಬಾರದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಹತ್ತಿರ ಪರ್ಮಿಟ್ ಇದೆ. ನಾನು ಕುಡಿಯುವುದಿಲ್ಲ. ನಿಷೇಧ ಹಾಕಿದರೆ ನನ್ನಂಥವರು ಗನ್ನನ್ನು ಕಾರಿನಲ್ಲಿಟ್ಟು ಹೋಗುತ್ತೇವೆ. ಕೊಲ್ಲಲು ಬರುವವನು ಇಟ್ಟು ಬರುತ್ತಾನಾ? ನಾನು ಕೋವಿ ಇರುವ ಮನೆಯಲ್ಲೇ ಬೆಳೆದವನು. ನಿಮಗೇಕೆ ಇಷ್ಟು ಹೆದರಿಕೆ? ಇನ್ನೊಂದು ಕಡೆಯ ವಾದದ ಲೇಖನವನ್ನೂ ಹಾಕಿ."

ಸಂಪಾದಕರ ಉತ್ತರ:

ನಿಮ್ಮ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲೀನ್ ಊರಿನಲ್ಲಿ ಒಬ್ಬ ಲೂಬೀಸ್ ಹೋಟೆಲಿನ ಗಾಜು ಒಡೆದು ಪಿಕಪ್ ಟ್ರಕ್ ನುಗ್ಗಿಸಿದ. 23 ಜನರನ್ನು ಕೊಂದ. ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಪರ್ಸಿಗೆ ಕೈ ಹಾಕಿದರು. ರಿವಾಲ್ವರ್ ಇರಲಿಲ್ಲ. ಕಾನೂನಿಗೆ ಅಂಜಿ ಕಾರಿನಲ್ಲೇ ಬಿಟ್ಟಿದ್ದರು. ಅಪ್ಪ ಅಮ್ಮ ಇಬ್ಬರೂ ಸತ್ತರು. 1995ರಲ್ಲಿ ಟೆಕ್ಸಾಸ್ ತನ್ನ ಕಾನೂನು ಬದಲಿಸಿ, ಲೈಸೆನ್ಸ್ ಇದ್ದವರು ಗನ್ ಬಚ್ಚಿಟ್ಟು ಒಯ್ಯಬಹುದು ಎಂದಿತು, ಮರುವರ್ಷ ಆಕೆ ಶಾಸಕಿಯಾಗಿ ಆಯ್ಕೆಯಾದರು.

ಆದರೆ ಅದೇ ಟೆಕ್ಸಾಸ್ ಒಂದು ಗೆರೆ ಎಳೆದಿದೆ. ಅರ್ಧಕ್ಕಿಂತ ಜಾಸ್ತಿ ವರಮಾನ ಅಲ್ಲೇ ಕೂತು ಕುಡಿಯುವ ಮದ್ಯದಿಂದ ಬರುತ್ತಿದ್ದರೆ, ಬಾಗಿಲಲ್ಲಿ ಕೆಂಪು ಬಣ್ಣದಲ್ಲಿ "51%" ಎಂಬ ಬೋರ್ಡು ಇರುತ್ತದೆ. ಲೈಸೆನ್ಸ್ ಇದ್ದರೂ ಗನ್ ಒಳಗೆ ತರುವಂತಿಲ್ಲ. ಟೆಕ್ಸಾಸಿಗೆ ಗನ್ ಕಂಡರೆ ಹೆದರಿಕೆ ಎಂದು ಯಾರೂ ಹೇಳಲಾರರು, ಅಲ್ವಾ?

ನಿಮ್ಮ ಟೆನೆಸಿ ಬೇರೆ ದಾರಿ ಹಿಡಿಯಿತು. ಪರ್ಮಿಟ್ ಇದ್ದವರು ಮದ್ಯ ಕೊಡುವ ಹೋಟೆಲಿಗೆ ಗನ್ ತರಬಹುದು ಎಂಬ ಮಸೂದೆಗೆ 2009ರಲ್ಲಿ ಗವರ್ನರ್ ಫಿಲ್ ಬ್ರೆಡೆಸನ್ ವೀಟೊ ಹಾಕಿದರು. ಅಲ್ಲಿ ವೀಟೊ ಮೀರಲು ಬರೀ ಬಹುಮತ ಸಾಕು. ಶಾಸಕರು ಮೀರಿದರು. ಯಾವುದು ಊಟದ ಹೋಟೆಲು, ಯಾವುದು ಬಾರು ಎಂಬುದೇ ಇದರಲ್ಲಿ ಸ್ಪಷ್ಟವಿಲ್ಲ ಎಂದು ನವೆಂಬರ್‌ನಲ್ಲಿ ನ್ಯಾಶ್‌ವಿಲ್ ಕೋರ್ಟು ಅದನ್ನು ರದ್ದು ಮಾಡಿತು. 2010ರಲ್ಲಿ ಶಾಸಕರು ಗೊಂದಲವನ್ನು ಸುಲಭವಾಗಿ ಬಗೆಹರಿಸಿದರು: ಎರಡಕ್ಕೂ ಬಿಡಿ ಎಂದರು! ಮತ್ತೆ ವೀಟೊ, ಮತ್ತೆ ಬಹುಮತ. ಬೇಡವೆನ್ನುವ ಮಾಲೀಕರು ಬೋರ್ಡು ಹಾಕಬಹುದು, ಗನ್ ಇದ್ದವರು ಕುಡಿಯಬಾರದು.

ಕುಡಿಯಬಾರದು, ಸರಿ. ನೋಡಿಕೊಳ್ಳುವವರು ಯಾರು? ಗನ್ ಅಂಗಿಯೊಳಗಿದೆ. ಆರ್ಡರ್ ತಗೊಳ್ಳಲು ಬಂದ ಹುಡುಗಿ "ಸರ್, ಸೊಂಟದಲ್ಲಿ ಏನಾದರೂ ಇದೆಯಾ?" ಎಂದು ಕೇಳಿ ಬಿಯರ್ ತರಬೇಕಾ? ಟೆನೆಸಿಯಲ್ಲಿ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. ಅವಳ ಹೊಟ್ಟೆ ತುಂಬುವುದು ಗಿರಾಕಿಯ ಟಿಪ್ಸ್‌ನಿಂದ. ಅದೇ ಗಿರಾಕಿಯ ಪೊಲೀಸ್ ಕೆಲಸವನ್ನೂ ಅವಳ ತಲೆಗೆ ಕಟ್ಟಿದ್ದಾರೆ.

ನೀವು ಕುಡಿಯುವುದಿಲ್ಲ, ನಂಬುತ್ತೇನೆ. ಆದರೆ ಈ ಮಸೂದೆಯ ಹಿಂದಿದ್ದ ಶಾಸಕ ಕರಿ ಟಾಡ್ 2011ರ ಅಕ್ಟೋಬರ್‌ನಲ್ಲಿ ಕುಡಿದು ಕಾರು ಓಡಿಸಿದ ಆರೋಪದಲ್ಲಿ ನಿಮ್ಮೂರಲ್ಲೇ ಸಿಕ್ಕಿಬಿದ್ದರು. ಪಕ್ಕದಲ್ಲಿ ಗುಂಡು ತುಂಬಿದ ಪಿಸ್ತೂಲು. ಅದು ಬಾರಲ್ಲ, ಕಾರು ಎನ್ನುತ್ತೀರಿ. ಒಪ್ಪಿದೆ.

2017ರ ಫೆಬ್ರವರಿ 22ರ ರಾತ್ರಿ ನಿಮಗೂ ನೆನಪಿರಬೇಕು. ಕಾನ್ಸಸ್‌ನ ಒಲೇಥಾದ ಬಾರಿನಲ್ಲಿ ಕುಡಿದಿದ್ದ ಒಬ್ಬ, ನಮ್ಮ ದೇಶದ ಇಬ್ಬರು ಎಂಜಿನಿಯರುಗಳನ್ನು ಜನಾಂಗ ಎತ್ತಿ ಬೈದ. ಅವನನ್ನು ಹೊರಗೆ ಕಳಿಸಿದರು. ಗನ್ ಹಿಡಿದು ವಾಪಸ್ ಬಂದ. ಹೈದರಾಬಾದಿನ ಎಂಜಿನಿಯರ್ ಸತ್ತರು, ಅವರ ಗೆಳೆಯನಿಗೂ ತಡೆಯಲು ಹೋದ ಒಬ್ಬ ಅಮೆರಿಕನ್ನನಿಗೂ ಗುಂಡು ಬಿತ್ತು. ಯಾವ ನಿಷೇಧವೂ ಅವನನ್ನು ತಡೆಯುತ್ತಿರಲಿಲ್ಲ, ಇದನ್ನು ನಿಮ್ಮ ಪರವಾಗಿ ನಾನೇ ಹೇಳುತ್ತೇನೆ. ಆಮೇಲೆ ಅವನು ಮಿಸ್ಸೂರಿಯ ಇನ್ನೊಂದು ರೆಸ್ಟೋರೆಂಟಿಗೆ ಹೋಗಿ, ಬಾರಿನ ಕೆಲಸದಾಕೆಯ ಹತ್ತಿರ ಬಾಯಿಬಿಟ್ಟ. ಆಕೆ ಪೊಲೀಸರಿಗೆ ಫೋನ್ ಮಾಡಿದರು. ಹೀಗೆ ಸಿಕ್ಕ. ಕುಡಿದು ಕೂಗಾಡುವವನಿಗೆ "ಹೊರಗೆ ನಡಿ" ಎನ್ನುವುದು ಬಾರಿನವರ ದಿನನಿತ್ಯದ ಕೆಲಸ. ಯಾರ ಅಂಗಿಯೊಳಗೆ ಏನಿದೆಯೋ ಗೊತ್ತಿಲ್ಲದಿದ್ದರೆ ಆ ಮಾತು ಬಾಯಿಂದ ಹೊರಡುತ್ತದಾ?

ಕೋವಿಯ ವಿಷಯ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಕೋವಿ ಎಲ್ಲರ ಕಣ್ಣೆದುರಿಗೆ ಇರುತ್ತದೆ. ಅದು ಯಾರದು, ಹಿಡಿದವನು ಎಂಥವನು ಎಂದು ಊರಿಗೇ ಗೊತ್ತು. ಅಪರಿಚಿತರ ನಡುವೆ ಬಚ್ಚಿಟ್ಟ ಪಿಸ್ತೂಲಿಗೆ ಅದನ್ನು ಹೋಲಿಸಬೇಡಿ.

ಊಟದ ಹೋಟೆಲಿನ ಬಗ್ಗೆ ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ, ಬಾರಿಗೆ ಬರುವುದಿಲ್ಲ. ಇನ್ನೊಂದು ಕಡೆಯ ವಾದದ ಲೇಖನವೂ ಬೇಕು ಎಂದಿದ್ದೀರಿ. ನೀವೇ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಬರೆಯುವ ಮೊದಲು ನಿಮ್ಮೂರಿನ ಬಾರಿನಲ್ಲಿ ಕೆಲಸ ಮಾಡುವ ಒಂದಿಬ್ಬರನ್ನು ಮಾತಾಡಿಸಿ, ಅವರು ಹೇಳಿದ್ದನ್ನೂ ಸೇರಿಸಿ.