ವಿಂಗ್ ಚುನ್: ಮೊಣಕೈ ಎಲ್ಲಿದೆ ನೋಡಿ

ಪ್ರಶ್ನೆ: ಸರ್, ಆರು ತಿಂಗಳಿಂದ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮಾಳಿಗೆ ಮೇಲೆ ವಿಂಗ್ ಚುನ್ ಎಂಬ ಚೀನೀ ಸಮರಕಲೆ ಕಲಿಯುತ್ತಿದ್ದೇನೆ. ಏಟು ತಡೆಯುವ ಕೈಭಂಗಿಗಳಾದ ತಾನ್, ಬಾಂಗ್, ಫೂಕ್ ಮೂರೂ ಬಾಯಿಪಾಠ. ಆದರೆ ಗೆಳೆಯ ಸುಮ್ನೆ ದೂಡಿದರೂ ನನ್ನ ಕೈ ಮಡಚಿ ಎದೆಗೇ ಬೀಳುತ್ತದೆ. ಬಾಂಗ್ ಮಾಡಿದರೆ ಭುಜ ನೋಯುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗ, ವಿಜಯಪುರ

ಉತ್ತರ: ಮೊಣಕೈಯಲ್ಲಿ. ವಿಡಿಯೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಂಗೈ ಅಲ್ವಾ, ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಚೀನಾದ ಕ್ಯಾಂಟನೀಸ್ ಭಾಷೆಯಲ್ಲಿ ಸೌ ಅಂದರೆ ಕೈ. ತಾನ್ ಸೌನಲ್ಲಿ ಅಂಗೈ ಮೇಲಕ್ಕೆ, ಸರಿ. ಆದರೆ ಮೊಣಕೈ ಎದೆಯ ನಡುಗೆರೆಯ ಕಡೆ ಒಳಗೆ ಬಂದು, ಮೈಯಿಂದ ಒಂದು ಮುಷ್ಟಿಯಷ್ಟು ಮುಂದಿರಬೇಕು. ಪಕ್ಕೆಗೆ ಅಂಟಿತೋ, ದೂಡಿದ ಕೂಡಲೇ ಕುಸಿಯುತ್ತದೆ. ಫೂಕ್ ಸೌಗೂ ಅದೇ ಜಾಗ. ಮಣಿಕಟ್ಟು ಬಾಗಿಸಿ ಎದುರಿನವರ ಕೈ ಮೇಲೆ ಹಗುರಾಗಿ ಇಡಿ, ಒತ್ತಬೇಡಿ.

ಇನ್ನು ಬಾಂಗ್. ಬಾಂಗ್ ಸೌ ಅಂದರೆ ರೆಕ್ಕೆಯಂಥ ಕೈ. ರೆಕ್ಕೆ ಅಂದದ್ದೇ ತಡ, ನೀವು ಭುಜ ಎತ್ತುತ್ತಿದ್ದೀರಿ! ಏಳಬೇಕಾದದ್ದು ಮೊಣಕೈ, ಅದೂ ಭುಜದ ಮಟ್ಟಕ್ಕೆ ಸಾಕು. ಮಣಿಕಟ್ಟು ಅದಕ್ಕಿಂತ ಕೆಳಗೆ, ನಡುಗೆರೆಯ ಮೇಲೆ ಇರಲಿ. ಮತ್ತೆ, ಬಾಂಗ್‌ನಲ್ಲೇ ನಿಂತುಬಿಡಬೇಡಿ, ಪಕ್ಕೆ ಪೂರ್ತಿ ತೆರೆದಿರುತ್ತದೆ.

ಪಾಕ್ ಸೌ, ಅಂದರೆ ತಟ್ಟುವ ಕೈ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಅದು ಸುಲಭ. ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ: ಕೈ ಬೀಳುತ್ತದೆ, ಆಗಲೇ ಏಳುತ್ತದೆ, ಅಲ್ಲೇ ಕೂರುವುದಿಲ್ಲ. ಎದುರಿನವರ ಏಟನ್ನು ಅಷ್ಟೇ ಚುಟುಕಾಗಿ ತಟ್ಟಿ ಬದಿಗೆ ಸರಿಸಬೇಕು, ಅದರ ಬೆನ್ನು ಹತ್ತಬಾರದು.

ಮೊದಲ ವರಸೆ ಸಿಯು ನಿಮ್ ತಾವ್‌ಗೆ ವಾಪಸ್ ಹೋಗಿ. ಕಾಲು ಕದಲಿಸದೆ ನಿಂತು ಮಾಡುವಂಥದ್ದು. ಚೀನಾದ ಫೋಶಾನ್‌ನಲ್ಲಿ ಹುಟ್ಟಿ 1972ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡ ಇಪ್ ಮ್ಯಾನ್, ಅಂದರೆ ಬ್ರೂಸ್ ಲೀಯ ಗುರು, ಅವರ ಪರಂಪರೆಯಲ್ಲಿ ಇದರ ಮೊದಲ ಭಾಗಕ್ಕೆ ಒಂದು ತಾನ್, ಮೂರು ಫೂಕ್. ಎಲ್ಲವೂ ಬೇಜಾರು ಬರುವಷ್ಟು ನಿಧಾನ. ಆ ನಿಧಾನದಲ್ಲೇ ಮೊಣಕೈ ಜಾಗ ಹಿಡಿಯುತ್ತದೆ.

ಆಮೇಲೆ ಗೆಳೆಯನ ಜೊತೆ ಒಂದು ಕೈಯ ಚಿ ಸೌ, ಅಂದರೆ ಕೈಗೆ ಕೈ ತಾಗಿಸಿಕೊಂಡೇ ಮಾಡುವ ಜೋಡಿ ಅಭ್ಯಾಸ. ನಿಮ್ಮದು ತಾನ್, ಅವರ ಫೂಕ್ ಅದರ ಮೇಲೆ. ನೀವು ಅಂಗೈಯಿಂದ ಎದೆಗೆ ಹೊಡೆಯಿರಿ, ಅವರು ಕೆಳಗೆ ಜಗ್ಗಿ ಮುಷ್ಟಿ ಬಿಡಲಿ, ಆಗ ನಿಮ್ಮ ಮೊಣಕೈ ಎದ್ದು ಬಾಂಗ್ ಆಗುತ್ತದೆ, ಮತ್ತೆ ತಾನ್‌ಗೆ ಇಳಿಯುತ್ತದೆ. ಗರಡಿಯಲ್ಲಿ ಕುಸ್ತಿ ಹಿಡಿದವರು ಯಾರಾದರೂ ಸಿಕ್ಕರೆ ಅವರ ಜೊತೆಯೂ ಮಾಡಿ. ಎದುರಿನವರ ಜೋರು ಯಾವ ಕಡೆ ಅಂತ ಕುಸ್ತಿಯವರ ತೋಳಿಗೇ ಗೊತ್ತಾಗುತ್ತದೆ. ಭುಜ ನೋವು ಇಳಿಯುವ ತನಕ ಮಾತ್ರ ಬಾಂಗ್ ಬೇಡ.