ಪದವು ಖಾಲಿ ಇಲ್ಲ, ಮಾರಾಯ

ನಿನ್ನ ಮೆಸೇಜು ಎರಡು ಸಲ ಓದಿದೆ. ‘ನಿಮ್ಮ ಮನೆ ಹಿಂದೆ ಅಷ್ಟು ದೊಡ್ಡ ಬೋಳು ಗುಡ್ಡ ಸುಮ್ನೆ ಬಿದ್ದಿದೆ. ಜೂನಿನಲ್ಲಿ ನಮ್ಮ ಆಫೀಸಿನವರೆಲ್ಲ ಬಂದು ಎರಡು ಸಾವಿರ ಗಿಡ ನೆಡ್ತೇವೆ ಅಂದ್ರೆ ಬೇಡ ಅಂತೀಯಲ್ಲ, ಪರಿಸರ ಅಂತ ಓಡಾಡುವವನು ನೀನೇ ಅಲ್ವಾ?’ ಅಂತ ಕೇಳಿದ್ದೀಯ. ಕೊನೆಗೆ ಇನ್ನೊಂದು ಸಾಲು: ‘ಅಷ್ಟಕ್ಕೂ ನೀವು ಕೇರಳದವರು, ಅಲ್ಲಿನ ಸರಕಾರ ನೋಡಿಕೊಳ್ಳುತ್ತೆ ಬಿಡು.’ ಕಾಸರಗೋಡಿನ ಕನ್ನಡಿಗನಾಗಿ ಎರಡಕ್ಕೂ ಉತ್ತರ ಹೇಳುತ್ತೇನೆ. ಮೊದಲು ಗುಡ್ಡದ್ದು.

ನಾವು ಅದನ್ನು ಗುಡ್ಡ ಅನ್ನುವುದಿಲ್ಲ, ಪದವು ಅನ್ನುತ್ತೇವೆ. ಮೇಲೆ ಚಪ್ಪಟೆಯಾಗಿ ಹರಡಿರುವ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬಯಲು. ನೀನು ಗೃಹಪ್ರವೇಶಕ್ಕೆ ಬಂದದ್ದು ಏಪ್ರಿಲಿನಲ್ಲಿ. ಆಗ ಅಲ್ಲಿ ಕಾಣುವುದು ಕಪ್ಪುಗಟ್ಟಿದ ಕಲ್ಲು, ಒಣಗಿದ ಹುಲ್ಲು, ಬಿಸಿಲು. ಸಂಜೆ ತಿರುಗಾಡಲು ಹೋದಾಗ ತಲೆ ಮೇಲೆ ಒಂದು ಹಕ್ಕಿ ಸುತ್ತಿ ಸುತ್ತಿ ಕಿರುಚಿದ್ದು ನೆನಪುಂಟಾ? ‘ಇದಕ್ಕೇನಾಯ್ತು?’ ಅಂತ ಕೇಳಿದ್ದೆ ನೀನು. ಅದು ಹಳದಿ ಟಿಟ್ಟಿಭ. ನೀನು ನಿಂತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಅದರ ಮೊಟ್ಟೆ ಇದ್ದವು. ಗೂಡು ಅಂತ ಏನೂ ಇಲ್ಲ. ಮುರಕಲ್ಲಿನ ಹರಳುಗಳ ನಡುವೆ ಅಂಗೈಯಷ್ಟು ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟ ಹಾಗೆ. ಬಣ್ಣ ಮಣ್ಣಿನದ್ದೇ, ಮೇಲೆ ಕಪ್ಪು ಚುಕ್ಕಿ. ಎದುರಿಗೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ನಿನ್ನ ಕೈ ಹಿಡಿದು ಬೇರೆ ಕಡೆ ಎಳೆದುಕೊಂಡು ಹೋದೆ. ಈ ಹಕ್ಕಿಗೆ ಮರ ಬೇಡ. ಬಯಲೇ ಬೇಕು.

ಮಳೆ ಹಿಡಿದ ಮೇಲೆ ನೀನು ಈ ಜಾಗ ನೋಡಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜುಲೈ ಹೊತ್ತಿಗೆ ಕಲ್ಲಿನ ತಗ್ಗುಗಳೆಲ್ಲ ತುಂಬಿ ಪಳ್ಳಗಳಾಗುತ್ತವೆ, ಅವುಗಳಲ್ಲಿ ಕಪ್ಪೆಗಳು. ಮುಳಿಹುಲ್ಲು ಮೇಲೇಳುತ್ತದೆ. ನಮ್ಮ ಅಜ್ಜನ ಮನೆಯ ಮಾಡು, ಅಂದರೆ ಸೂರು, ಆ ಹುಲ್ಲಿನದ್ದೇ. ಆಗಸ್ಟು, ಸೆಪ್ಟೆಂಬರಿನಲ್ಲಿ ಒಂದು ಬೆರಳಿಗಿಂತ ಸ್ವಲ್ಪ ಎತ್ತರದ ಗಿಡದಲ್ಲಿ ನೀಲಿ ಹೂ ಅರಳುತ್ತದೆ, ಚಾಪೆ ಹಾಸಿದ ಹಾಗೆ. ಮಲಯಾಳದಲ್ಲಿ ಅದು ಕಾಕ್ಕಪ್ಪೂವು, ಓಣಂ ಪೂಕಳಕ್ಕೆ, ಅಂದರೆ ಹಬ್ಬದ ಹೂವಿನ ರಂಗೋಲಿಗೆ, ಹೋಗುತ್ತದೆ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರ ಕಡಿಮೆ. ಅದಕ್ಕೆ ಈ ಗಿಡ ನೀರಿನೊಳಗೆ ಸಾಸಿವೆಗಿಂತ ಸಣ್ಣ ಚೀಲ ಇಟ್ಟುಕೊಂಡು ಹುಳ ಹಿಡಿದು ತಿನ್ನುತ್ತದೆ. ಇನ್ನು ಪದವಿನ ಮೇಲೆ ಬಿದ್ದ ನೀರು ಮುರಕಲ್ಲಿನಲ್ಲಿ ಇಂಗಿ, ಕೆಳಗಿನ ತೋಟಗಳ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯಲ್ಲಿ, ಬೇಸಿಗೆಯವರೆಗೂ ತೊಟ್ಟಿಕ್ಕುತ್ತದೆ. ನೀನು ಕುಡಿದು ‘ಎಷ್ಟು ತಂಪು’ ಅಂದದ್ದು ಆ ನೀರೇ.

ಈ ಪದವುಗಳಲ್ಲಿ ಮೊದಲೂ ಗಿಡ ನೆಟ್ಟಿದ್ದಾರೆ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಅಕೇಶಿಯಾ ಬಂತು. ಈಗ ಅದರ ಅಡಿಗೆ ಹೋಗಿ ನೋಡು. ದಪ್ಪ ತರಗೆಲೆ, ಬೇರೇನಿಲ್ಲ. ಮುಳಿಹುಲ್ಲಿಗೂ ನೀಲಿ ಹೂವಿಗೂ ಬಿಸಿಲು ಬೇಕು, ಅದು ಸಿಗಲಿಲ್ಲ, ಹೋದವು. ಅದಕ್ಕೂ ಮೊದಲು ಬಂದದ್ದು ಗೇರು. ಖಾಲಿ ಗುಡ್ಡ ಅಂತ ಸಾವಿರಾರು ಎಕರೆ ಸರಕಾರಿ ಗೇರುತೋಟ ಆಯಿತು. ಆಮೇಲೆ 2000ದವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ, ಈ ಹೆಸರುಗಳನ್ನು ನೀನೂ ಕೇಳಿರುತ್ತೀಯ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇಳಿದ್ದು 2011ರಲ್ಲಿ. ಆ ವಿಷ ಬಿದ್ದ ಊರುಗಳ ಮನೆಗಳಲ್ಲಿ ಮಲಗಿದಲ್ಲೇ ಬೆಳೆದ ಮಕ್ಕಳ ಬಗ್ಗೆ ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಇಷ್ಟು ತಿಳಿದುಕೋ. ಯಾರಾದರೂ ನಮ್ಮ ಪದವು ಖಾಲಿ ಅಂದರೆ ನನಗೆ ಹೆದರಿಕೆ ಆಗುತ್ತದೆ.

ಈಗ ನಾನು ದಿನಾ ಗುದ್ದಾಡುವ ಸಂಗತಿಗೆ ಬರುತ್ತೇನೆ. ಕಲ್ಲುಕೋರೆಯವರ ಜೊತೆ ಮಾತಾಡಬಹುದು, ಅವರ ಮಾತು ನೇರ. ಹೆದ್ದಾರಿ ಅಗಲ ಮಾಡಲು ಮಣ್ಣು ಬೇಕು ಅನ್ನುವವರ ಜೊತೆಗೂ ಮಾತಾಡಬಹುದು. ಆದರೆ ಕಾಗದದ ಜೊತೆ ಹೇಗೆ ಮಾತಾಡುವುದು?

ಕಾಗದದಲ್ಲಿ ನಮ್ಮ ಪದವು ‘ತರಿಶು’. ಅಂದರೆ ಪಾಳು. ಇದು ಕೇರಳದ್ದೇ ತಪ್ಪಲ್ಲ, ದೇಶದ ಪಾಳುಭೂಮಿ ನಕ್ಷೆಯಲ್ಲೂ ಬೋಳು ಕಲ್ಲಿನ ಜಾಗ ಅಂತ ಒಂದು ವರ್ಗವೇ ಉಂಟು. ಪಾಳು ಅಂದ ಮೇಲೆ ಅಲ್ಲಿ ಕೋರೆ ಮಾಡಿದರೂ ನಷ್ಟ ಇಲ್ಲ, ಶೆಡ್ಡು ಕಟ್ಟಿದರೂ ನಷ್ಟ ಇಲ್ಲ, ನಿನ್ನ ಗಿಡ ಬಂದರೆ ಅದು ಲಾಭ. ಅಲ್ಲಿ ಏನೇನು ಇದೆ ಅಂತ ಬರೆದಿಡಲು ಒಂದೇ ಜಾಗ ಇರುವುದು, ಪಂಚಾಯತಿನ ಜೀವವೈವಿಧ್ಯ ದಾಖಲೆ. 2002ರ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲೂ ಅದಕ್ಕೊಂದು ಸಮಿತಿ ಇರಬೇಕು. ನಮ್ಮಲ್ಲಿ ಉಂಟು, ನಾನೂ ಅದರಲ್ಲಿದ್ದೇನೆ.

ಫಾರ್ಮು ಬಂತು, ಮಲಯಾಳದಲ್ಲಿ. ಗಿಡ ಗೊತ್ತಿರುವವರು ಯಾರು? ಮದ್ದಿನ ಬೇರು ಬಲ್ಲ ಒಬ್ಬ ಅಜ್ಜಿ. ಅವರು ಮಾತಾಡುವುದು ತುಳು, ಅರ್ಧ ಕನ್ನಡ. ಬರೆದುಕೊಳ್ಳಲು ಬಂದ ಹುಡುಗಿ ತೆಂಕು ಕಡೆಯವಳು, ಒಳ್ಳೆಯ ಹುಡುಗಿ, ಗಿಡಗಳ ಮೇಲೆ ಪ್ರೀತಿ ಇರುವವಳು. ಅಜ್ಜಿ ‘ನೆಕ್ಕರೆ’ ಅಂದರು. ನಾನು ಗಿಡ ತೋರಿಸಿದೆ. ಹುಡುಗಿ ನೋಡಿ ‘ಕದಳಿ’ ಅಂತ ಬರೆದಳು. ಅದು ಸರಿಯೇ, ಮಲಯಾಳದಲ್ಲಿ ನೆಕ್ಕರೆಗೆ ಕದಳಿ ಅನ್ನುತ್ತಾರೆ. ಎಂಟು ತಿಂಗಳಾದ ಮೇಲೆ ದಾಖಲೆಯ ಕನ್ನಡ ಪ್ರತಿ ಬಂತು. ಪದವಿನ ಪಟ್ಟಿಯಲ್ಲಿ ನೆಕ್ಕರೆ ಇಲ್ಲ. ಆ ಜಾಗದಲ್ಲಿ ‘ಬಾಳೆ’ ಅಂತ ಇದೆ. ಎಲ್ಲೋ ಕೂತು ಅನುವಾದ ಮಾಡಿದವರು ಕದಳಿ ಅಂದರೆ ಬಾಳೆ ಅಂದುಕೊಂಡಿದ್ದಾರೆ. ನಮ್ಮ ಮುರಕಲ್ಲಿನ ಮೇಲೆ ಬಾಳೆ! ಕುಂಟಾಲ ಹಣ್ಣಿನ ಗಿಡದ ಮುಂದೆ ಬರೀ ಗೀಟು. ಟಿಟ್ಟಿಭ ಇಲ್ಲವೇ ಇಲ್ಲ.

ತಿದ್ದಲು ಅರ್ಜಿ ಕೊಟ್ಟೆ, ಕನ್ನಡದಲ್ಲಿ. ‘ಮಲಯಾಳದಲ್ಲಿ ಕೊಡಿ’ ಅಂದರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮ್ಮಂಥ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ ಉಂಟು. ಅದರ ಪ್ರತಿ ನನ್ನ ಚೀಲದಲ್ಲೇ ಇರುತ್ತದೆ, ಅಂಚು ಹರಿದು ಹೋಗಿದೆ. ತೋರಿಸಿದೆ. ಅರ್ಜಿ ತೆಗೆದುಕೊಂಡರು. ಆಮೇಲೆ ಓದುವವರು ಇಲ್ಲದೆ ಅದು ಅಲ್ಲೇ ಉಳಿಯಿತು. ಎರಡನೆಯದನ್ನು ಮಲಯಾಳದಲ್ಲೇ ಕೊಟ್ಟೆ, ಆ ಹುಡುಗಿಯೇ ಬರೆದುಕೊಟ್ಟಳು. ‘ಕನ್ನಡ ಪ್ರತಿಯ ತಪ್ಪು ನಮಗೆ ಸಂಬಂಧ ಇಲ್ಲ’ ಅಂತ ಉತ್ತರ ಬಂತು. ಒಂದು ಗಿಡದ ಹೆಸರಿಗೆ ಒಂದೂವರೆ ವರ್ಷ ಆಯಿತು, ಮಾರಾಯ. ಕೋರೆಯ ಲೈಸೆನ್ಸಿನ ಕಡತ ಬಂದಾಗ ಅಧಿಕಾರಿ ತೆರೆದು ನೋಡಿದರೆ ಕಾಣುವುದು ಈ ದಾಖಲೆಯೇ. ಅಲ್ಲಿ ಬಾಳೆ ಇದ್ದರೆ, ಯಾರೋ ಕೃಷಿ ಮಾಡಿ ಬಿಟ್ಟ ಜಾಗ ಅಂದುಕೊಳ್ಳುವುದಿಲ್ವಾ?

ಇನ್ನು ನಿನ್ನ ಎರಡನೆಯ ಮಾತು. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ರಾಜ್ಯದ ಗೆರೆ ಎಳೆದವರು ನಮ್ಮನ್ನು ಕೇಳಲಿಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು, ಆ ಮಾತು ಕಾಗದದಲ್ಲೇ ಉಳಿಯಿತು. ಆ ನೋವು ನಮ್ಮ ಹಿರಿಯರಲ್ಲಿ ಇನ್ನೂ ಉಂಟು. ಆದರೆ ಗೆರೆ ಆ ಕಡೆ ಇರಲಿ, ಈ ಕಡೆ ಇರಲಿ, ಪದವು ನಮ್ಮದು. ಅದೇ ಹೊಳೆ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಪಯಸ್ವಿನಿ ಅಂತ ಸುಳ್ಯ ದಾಟಿ ನಮ್ಮಲ್ಲಿಗೆ ಬರುತ್ತದೆ. ಅದರಲ್ಲಿ ಒಂದು ಆಮೆ ಉಂಟು, ಕ್ಯಾಂಟರ್ಸ್ ದೈತ್ಯ ಮೆದುಚಿಪ್ಪಿನ ಆಮೆ, ಮಲಯಾಳದಲ್ಲಿ ಪಾಲಪ್ಪೂವನ್. ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ದಿನದ ಹೆಚ್ಚು ಹೊತ್ತು ಮರಳಲ್ಲಿ ಹೂತುಕೊಂಡಿರುತ್ತದೆ, ಕಣ್ಣು, ಬಾಯಿ ಮಾತ್ರ ಹೊರಗೆ. ಜಗತ್ತಿನಲ್ಲೇ ಅಳಿವಿನ ಅಂಚಿನಲ್ಲಿರುವ ಪ್ರಾಣಿ. ಆಯುಷಿ ಜೈನ್ ಎಂಬ ಸಂಶೋಧಕಿ ಇಲ್ಲಿಗೆ ಬಂದು ಅದರ ಗೂಡು ದಾಖಲಿಸಿದ್ದು ಹೊಳೆಬದಿಯ ಜನರನ್ನು ಕೇಳಿ ಕೇಳಿಯೇ. ನೀರು ನುಗ್ಗಿದ ಗೂಡಿನ ಮೊಟ್ಟೆಗಳನ್ನು ಎತ್ತಿ, ಮರಿ ಮಾಡಿಸಿ, ಹೊಳೆಗೆ ಬಿಟ್ಟರು. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಆ ಆಮೆಯನ್ನು ಜಿಲ್ಲೆಯ ಪ್ರಾಣಿ ಅಂತ ಘೋಷಿಸಿತು. ಜಿಲ್ಲೆಗೆ ಒಂದು ಹಕ್ಕಿ, ಬಿಳಿಹೊಟ್ಟೆಯ ಕಡಲಹದ್ದು. ಒಂದು ಹೂ, ಪೆರಿಯದ ತೊರೆಯಲ್ಲಿ ಅರಳುವ ಪೊಲತಾಳಿ. ಒಂದು ಮರ, ಕಾಸರಕ, ನಮ್ಮ ಊರಿಗೆ ಹೆಸರು ಕೊಟ್ಟದ್ದು ಅನ್ನುವ ಮರ. ನಿಮ್ಮ ಬೆಂಗಳೂರಿಗೆ ಇದು ಗೊತ್ತಾ? ನನಗೆ ಈ ಮಣ್ಣಿನ ಬಗ್ಗೆ ಎಷ್ಟು ಹೆಮ್ಮೆ ಅಂತ ಹೇಳಿ ಮುಗಿಯುವುದಿಲ್ಲ.

ಗಿಡ ನೆಡಲೇಬೇಕು ಅಂತಿದ್ದರೆ ಬೇರೆ ಕೆಲಸ ಕೊಡುತ್ತೇನೆ. ತೋಟದ ಕೆಳಗಿನ ನಾಗಬನದಲ್ಲಿ ಕಾಂಕ್ರೀಟು ಕಟ್ಟೆ ಮಾಡಲು ಮರ ಕಡಿದಿದ್ದಾರೆ. ಅಲ್ಲಿಗೆ ಕಾಸರಕ, ರೆಂಜೆ, ಧೂಪ ಬೇಕು. ಎರಡು ಸಾವಿರ ಅಲ್ಲ, ಮೂವತ್ತು ಸಾಕು. ಬೇಸಿಗೆಯಲ್ಲಿ ನೀರು ಹೊರಲು ಜನ ಬೇಕು, ಅದಕ್ಕೆ ಬರುತ್ತೀಯಾ?

ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಸುಮ್ನೆ ಬಾ. ಚಪ್ಪಲಿ ತೆಗೆದು ನಡೆಯೋಣ. ಪದವಿನ ಅಂಚಿನಲ್ಲಿ ನೆಕ್ಕರೆ ಹಣ್ಣು ಸಿಕ್ಕರೆ ಮಕ್ಕಳಿಗೆ ಕೊಡುತ್ತೇನೆ, ನಾಲಿಗೆ ಕಡುನೇರಳೆ ಆಗುತ್ತದೆ. ಒಂದು ಫೋಟೋ ತೆಗೆದುಕೊಡು. ಮೂರನೆಯ ಅರ್ಜಿಗೆ ಅಂಟಿಸುತ್ತೇನೆ, ಕೆಳಗೆ ಅಜ್ಜಿ ಹೇಳಿದ ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು.