ಒಥೆಲೊ ಮುಖಕ್ಕೆ ಕಪ್ಪು ಬಳಿಯಬೇಕಾ?

ಉಡುಪಿಯ ನಿಮ್ಮ ಕಾಲೇಜು ತಂಡ ಆಡುವ ಶೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದಲ್ಲಿ ಕಪ್ಪು ನಾಯಕ ಒಥೆಲೊನ ಮುಖಕ್ಕೆ ಕಪ್ಪು ಬಳಿಯಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲ ದೃಶ್ಯ ಇನ್ನೊಮ್ಮೆ ಓದಿ. ಅಲ್ಲಿ ಅವನ ಹೆಸರನ್ನೇ ಯಾರೂ ಹೇಳುವುದಿಲ್ಲ. 'ಆ ಮೂರ್' (ಆಫ್ರಿಕಾ ಕಡೆಯವನು), 'ದಪ್ಪ ತುಟಿಯವನು' ಅಂತಲೇ ಮಾತು. ವಿಷ ಇರುವುದು ಆ ಬಾಯಿಗಳಲ್ಲಿ. ಆ ಮಾತುಗಳನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿಸಿ, ಸಾಕು.

1833ರಲ್ಲಿ ಕಪ್ಪು ನಟ ಐರಾ ಆಲ್ಡ್ರಿಜ್ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಈ ಪಾತ್ರ ಮಾಡಿದಾಗ ಪತ್ರಿಕೆಗಳು ಬಣ್ಣ ಹಿಡಿದೇ ಹೀಯಾಳಿಸಿದವು. ಎರಡೇ ಪ್ರದರ್ಶನಕ್ಕೆ ನಿಂತಿತು.

ನಮ್ಮಲ್ಲೂ ಇದೆ ಅಲ್ವಾ? ಮಂಗಳೂರಿನಲ್ಲಿ ನಾನಿದ್ದ ತಂಡದಲ್ಲಿ ಕಪ್ಪಗಿದ್ದ ಗೆಳೆಯನಿಗೆ ಪ್ರತಿ ಸಲ ಆಳಿನ ಪಾತ್ರ. ರಾಜನ ಮಾತೆಲ್ಲ ಅವನಿಗೆ ಬಾಯಿಪಾಠ. ಆದರೂ ಸುಮ್ನೆ ಹೆಗಲಿಗೆ ಟವೆಲ್ ಹಾಕಿಕೊಂಡು ಪರದೆ ಹಿಂದೆ ನಿಲ್ಲುತ್ತಿದ್ದ. ಪಾತ್ರ ಹಂಚುವ ಮೊದಲು ಎಲ್ಲರಿಂದಲೂ ಒಥೆಲೊನ ಮಾತು ಓದಿಸಿ.